ಒಣಗಿ ಹೋಗಿದ್ದ 14 ಮಾಂಟೆಕ್ರಿಸ್ಟೊ, ಒಂದು ಪ್ಲಾಸ್ಟಿಕ್ ಡಬ್ಬ, ಸ್ವಲ್ಪ ಗಂಧಗರಿಗೆ ಮರ

ಭಾವ ದುಬೈನಿಂದ ಬಂದಾಗ ತಂದಿದ್ದ ಸಿಗಾರ್ ಡಬ್ಬ ಇದು. ಕ್ಯೂಬಾದ ಮಾಂಟೆಕ್ರಿಸ್ಟೊ ಬ್ರ್ಯಾಂಡಿನ ನಂಬರ್ 4, ಒಟ್ಟು 25. ಸುಂಕ ಕಟ್ಟದೆ ತರಬಹುದಾದದ್ದು ಆಗ ಅಷ್ಟೇ ಇತ್ತು, 2016ರ ಬ್ಯಾಗೇಜ್ ನಿಯಮದ ಪ್ರಕಾರ. ಗೃಹಪ್ರವೇಶದ ರಾತ್ರಿ ಗೆಳೆಯರಿಗೆ ಹಂಚಿ 11 ಖಾಲಿ ಮಾಡಿದರು. ಉಳಿದ 14 ಬೆಂಗಳೂರಿನ ಬೀಗ ಹಾಕಿದ ಫ್ಲಾಟಿನ ಬೀರುವಿನಲ್ಲಿ ಎರಡು ಬೇಸಿಗೆ ಕಳೆದವು. ಈ ಸಲ ಬಂದವರು ಡಬ್ಬ ನನ್ನ ಕೈಗೆ ಕೊಟ್ಟು, "ನಿಮ್ಮಪ್ಪ ಹೊಗೆಸೊಪ್ಪು ಬೆಳೀತಿದ್ರಲ್ವಾ, ಇದೇನಾಗಿದೆ ನೀನೇ ನೋಡು" ಅಂದರು.

ನಮ್ಮದು ಹುಣಸೂರಿನ ಕಡೆ. ಹೊಗೆಸೊಪ್ಪು ಬೇಯಿಸುವ ಮನೆ, ಬ್ಯಾರನ್ ಅಂತೀವಿ, ಅದರ ಪಕ್ಕದಲ್ಲೇ ಆಡಿ ಬೆಳೆದವನು ನಾನು. ಹಾಗಂತ ಸಿಗಾರ್ ಬಗ್ಗೆ ಏನಾದರೂ ಗೊತ್ತಿತ್ತು ಅಂದುಕೊಳ್ಳಬೇಡಿ. ಸಿಗರೇಟನ್ನೂ ನಾನು ಸೇದುವುದಿಲ್ಲ. ಇದು ಬಾಯಿಗೂ ಗಂಟಲಿಗೂ ಕೆಟ್ಟದ್ದೇ, ಕ್ಯಾನ್ಸರ್ ತರುವ ವಸ್ತುವೇ, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಎಳೆದದ್ದು ಸೇದುವ ಆಸೆಗಿಂತ ರಿಪೇರಿ ಮಾಡುವ ಹುಚ್ಚು. ಸೇದಿದ್ದು ಕೊನೆಗೆ, ಅದನ್ನೂ ಬರೆದಿದ್ದೇನೆ.

ಮೊದಲು ಅಸಲಿಯೋ ನಕಲಿಯೋ ನೋಡಿಕೊಂಡೆ. ಡಬ್ಬದ ತಳದಲ್ಲಿ ಮೂರು ಸಾಲು ಸುಟ್ಟು ಒತ್ತಿರುತ್ತಾರೆ: ಹಬಾನೋಸ್ ಎಸ್.ಎ., ಹೆಚೊ ಎನ್ ಕೂಬಾ, ತೊತಾಲ್ಮೆಂತೆ ಎ ಮಾನೊ. ಅಂದರೆ ಕ್ಯೂಬಾದಲ್ಲಿ ಮಾಡಿದ್ದು, ಪೂರ್ತಿ ಕೈಯಲ್ಲೇ ಸುತ್ತಿದ್ದು. ಡಬ್ಬದ ಮೇಲೆ ಹಸಿರು ಖಾತರಿ ಚೀಟಿ ಇತ್ತು. ಅದನ್ನು ಕ್ಯೂಬಾ ಸರಕಾರ 1912ರಿಂದ ಅಂಟಿಸುತ್ತಾ ಬಂದಿದೆ. ತಳದಲ್ಲೇ ಶಾಯಿಯಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರಗಳು, ಕೆಳಗೆ "ಅಗೋ 21". ಅಗೋ ಅಂದರೆ ಅಲ್ಲಿ ನೋಡು ಅಂತಲ್ಲ ಮತ್ತೆ, ಅಗೋಸ್ತೊ, ಆಗಸ್ಟ್ 2021. ಎಲ್ಲ ಸರಿ ಇತ್ತು. ಮಾಲು ಮಾತ್ರ ಸರಿ ಇರಲಿಲ್ಲ.

ಒಂದನ್ನು ಎತ್ತಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಹಪ್ಪಳದ ತುದಿ ಮುರಿದ ಹಾಗೆ ಚುರ್ ಅಂತು. ಸರಿಯಾದ ಸಿಗಾರ್ ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬರಬೇಕು, ಮೇಲಿನ ಎಲೆಯಲ್ಲಿ ಸಣ್ಣಗೆ ಎಣ್ಣೆ ಮಿಂಚಬೇಕು. ಇವು ಹಳೇ ರಟ್ಟಿನ ಬಣ್ಣಕ್ಕೆ ತಿರುಗಿದ್ದವು. ಮೂರರಲ್ಲಿ ಮೇಲಿನ ಎಲೆ ಉದ್ದಕ್ಕೆ ಸೀಳಿತ್ತು. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು, ಒಂದಕ್ಕೆ ದಾರ ಕಟ್ಟಿ ಗುರುತು ಮಾಡಿ ತೂಗಿದೆ: 7.41 ಗ್ರಾಂ. ಈ ದಾರ ಕಟ್ಟಿದ್ದೇ ಮುಂದೆ ನನ್ನ ಮೀಟರ್.

ಇನ್ನು ಮಾಡಿದ ತಪ್ಪು. ಒಣಗಿದೆ, ಹಾಗಾದರೆ ತೇವ ಕೊಡೋಣ, ಇಷ್ಟೇ ಲೆಕ್ಕ ಹಾಕಿದೆ. ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡು ಒದ್ದೆ ಮಾಡಿ, ಹಿಂಡಿ, ಒಂದು ಬಾಟಲಿ ಮುಚ್ಚಳದಲ್ಲಿಟ್ಟು ಸಿಗಾರ್ ಡಬ್ಬದ ಒಳಗೇ ಮುಚ್ಚಿದೆ. ಶನಿವಾರ ಇಟ್ಟಿದ್ದು. ಸೋಮವಾರ ತೆಗೆದರೆ ಸ್ಪಂಜಿನ ಪಕ್ಕದಲ್ಲಿದ್ದ ಸಿಗಾರ್ ಒಂದು ಕಡೆ ಉಬ್ಬಿ, ಹಲಸಿನ ಕಾಯಿ ಬಾಯಿ ಬಿಟ್ಟ ಹಾಗೆ ನಡುವೆ ಒಡೆದಿತ್ತು. ಒಳಗಿನ ಎಲೆ ನೀರು ಕುಡಿದು ಊದಿಕೊಂಡಿದೆ, ಹೊರಗಿನ ಎಲೆ ತೆಳು, ಒಣ, ಹಿಗ್ಗುವ ಶಕ್ತಿ ಇಲ್ಲ, ಇನ್ನೇನಾಗುತ್ತೆ. ಒಂದು ಹೋಯಿತು.

ಅದನ್ನು ಎತ್ತುವಾಗಲೇ ಇನ್ನೊಂದು ಕಂಡಿತು. ಪಕ್ಕದ ಸಾಲಿನ ಒಂದರ ಕೆಳಗೆ ಕಾಫಿಪುಡಿಯಂಥ ಸಣ್ಣ ಹುಡಿ. ತಿರುಗಿಸಿ ನೋಡಿದರೆ ಸೂಜಿ ಚುಚ್ಚಿದ ಹಾಗೆ ದುಂಡನೆಯ ತೂತು, ಒಂದಲ್ಲ, ಎರಡು. ಹುಳ.

ಒಡೆದದ್ದನ್ನೂ ತೂತು ಬಿದ್ದದ್ದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಿದೆ. ಉಳಿದ 12ನ್ನು ಒಂದು ದಿನ ಡಬ್ಬ ತೆರೆದು ಆರಲು ಬಿಟ್ಟೆ, ಯಾಕೆಂದರೆ ಒದ್ದೆ ಇದ್ದಾಗ ಫ್ರೀಜರಿಗೆ ಹಾಕಿದರೆ ಎಲೆ ಬಿರಿಯುತ್ತದೆ. ಆಮೇಲೆ ಎರಡು ಪದರ ಜಿಪ್ ಕವರ್, ಗಾಳಿ ಹಿಂಡಿ ತೆಗೆದು, ಒಂದು ದಿನ ಫ್ರಿಜ್ಜಿನಲ್ಲಿ, ಮೂರು ದಿನ ಫ್ರೀಜರಿನಲ್ಲಿ ಮೈನಸ್ 18ರಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿ, ಕೊನೆಗೆ ಕವರ್ ಬಿಚ್ಚದೆ ಹೊರಗೆ. ಬಿಚ್ಚಬಾರದು ಅನ್ನುವುದು ಮುಖ್ಯ, ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣಗಿನ ಎಲೆಯ ಮೇಲೆ ಹನಿ ಕಟ್ಟುತ್ತದೆ. ಒಮ್ಮೆಲೇ ಫ್ರೀಜರಿಗೆ ಎಸೆಯದೆ ಮೆಟ್ಟಿಲು ಮೆಟ್ಟಿಲಾಗಿ ತಣ್ಣಗೆ ಮಾಡುವುದೂ ಎಲೆ ಸೀಳಬಾರದು ಅಂತಲೇ.

"ಇದೇನ್ರೀ, ಬಟಾಣಿ ಪಕ್ಕ ಸುರುಟು?" ಅಂದಳು ಹೆಂಡತಿ. ವಿವರಿಸಿದೆ. ಈ ಹುಳಕ್ಕೆ ಹೊಗೆಸೊಪ್ಪೇ ಆಗಬೇಕು ಅಂತಿಲ್ಲ, ಧನಿಯಾ, ಅರಿಶಿನ, ಒಣಮೆಣಸಿನಕಾಯಿ ಎಲ್ಲದರಲ್ಲೂ ಬರುತ್ತದೆ, ಮಸಾಲೆ ಡಬ್ಬದಲ್ಲಿ ಕಾಣುವ ಕಂದು ಬಣ್ಣದ ಪುಟ್ಟ ದುಂಡನೆ ಹುಳವೂ ಬಹಳ ಸಲ ಇದೇ ಅಂತ ಹೇಳಿದೆ. ಹೇಳಬಾರದಿತ್ತು. ಅವತ್ತು ಸಂಜೆ ಅಡುಗೆಮನೆಯ ಅಷ್ಟೂ ಡಬ್ಬ ಕೆಳಗಿಳಿದವು.

ಫ್ರೀಜರಿನ ಕೆಲಸ ನಡೆಯುತ್ತಿದ್ದಾಗ ವಾರದ ಕೊನೆ ಬಂತು. ಊರಿಗೆ ಹೊರಟವನು ಕೆಟ್ಟ ಎರಡನ್ನೂ ಕವರಿನಲ್ಲೇ ಹಿಡಿದುಕೊಂಡು ಹೋದೆ. ಅಪ್ಪ ತೂತನ್ನು ಒಂದು ಸಲ ನೋಡಿ "ಗೋಡೌನ್ ಹುಳ" ಅಂದರು. ಬೇಲ್ ಕಟ್ಟಿಟ್ಟ ಸೊಪ್ಪಿಗೆ ಬೀಳುವುದೂ ಇದೇ. ಆಮೇಲೆ ಒಡೆದದ್ದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಕೇಳಿದರು:

"ನೀರು ಹೊಡೆದ್ಯಾ?"

"ಹೊಡೀಲಿಲ್ಲ ಅಪ್ಪಾ, ಒದ್ದೆ ಸ್ಪಂಜ್ ಇಟ್ಟೆ."

"ಎರಡೂ ಒಂದೇ ಕಣ್ಲಾ. ಬ್ಯಾರನ್ ಬಾಗ್ಲು ತೆಗೆದು ರಾತ್ರಿಯೆಲ್ಲ ಬಿಡ್ತಿದ್ವಿ, ಮರೆತ್ಯಾ? ಸೊಪ್ಪು ತಾನಾಗೇ ಹದಕ್ಕೆ ಬರಬೇಕು."

ಮರೆತಿರಲಿಲ್ಲ, ಹೊಂದಿಸಿ ನೋಡಿರಲಿಲ್ಲ ಅಷ್ಟೇ. ಬ್ಯಾರನ್ನಿನಲ್ಲಿ ಐದಾರು ದಿನ ಬೇಯಿಸಿದ ಮೇಲೆ ಸೊಪ್ಪು ಗರಿಗರಿ ಒಣಗಿರುತ್ತದೆ, ಹಾಗೇ ಕೈ ಹಾಕಿದರೆ ಪುಡಿಪುಡಿ. ಅದಕ್ಕೇ ಬೆಂಕಿ ಆರಿಸಿ, ಬಾಗಿಲು ಕಿಟಕಿ ತೆಗೆದು, ರಾತ್ರಿಯ ತಂಪು ಗಾಳಿಗೆ ಬಿಡುತ್ತಿದ್ದರು. ಬೆಳಗಿನ ಜಾವ ಎಲೆ ಬಟ್ಟೆಯಂತೆ ಮೆತ್ತಗಾಗಿರುತ್ತಿತ್ತು, ಆಗ ಸೊಪ್ಪು ಕಟ್ಟಿದ ಕಡ್ಡಿ ಇಳಿಸುವುದು. ಬಿಸಿಲೇರಿದರೆ ಮತ್ತೆ ಗರಿಗರಿ, ಇನ್ನೊಂದು ರಾತ್ರಿ ಕಾಯಬೇಕು. ಸಿಗಾರ್ ಇಡುವ ಪೆಟ್ಟಿಗೆ, ಹ್ಯುಮಿಡಾರ್ ಅಂತಾರಲ್ಲ, ಅದು ಮಾಡುವುದೂ ಇದೇ ಕೆಲಸವನ್ನು, ತಿಂಗಳುಗಟ್ಟಲೆ ನಿಧಾನವಾಗಿ. ಸರಿ, ಹಾಗೇ ಕಟ್ಟೋಣ ಅಂತ ತೀರ್ಮಾನ ಮಾಡಿದೆ.

ಒಡೆದ ಸಿಗಾರನ್ನು ಜಗುಲಿಯ ಮೇಲೆ ಪೇಪರ್ ಹಾಸಿ ಬಿಚ್ಚಿದೆವು. ಈ ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಗಂಟೆ ಅದು. ತುದಿಯ ಟೋಪಿ ಬೇರೆಯದೇ ಚೂರು, ಅದನ್ನು ಉಗುರಿನಲ್ಲಿ ಎಬ್ಬಿಸಿದರೆ ಮೇಲಿನ ಎಲೆ, ಕಾಪಾ ಅಂತಾರೆ, ಲಂಗದ ದಾರದ ಹಾಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ರೇಷ್ಮೆಯಷ್ಟು ತೆಳು. ಇದನ್ನು ಬಟ್ಟೆಯ ಚಪ್ಪರದ ಕೆಳಗೆ ನೆರಳಲ್ಲಿ ಬೆಳೆಸುತ್ತಾರೆ, ಅದಕ್ಕೇ ನರ ಕಾಣಿಸದಷ್ಟು ನಯ. ಅದರ ಕೆಳಗೆ ಕಪೋತೆ, ಒರಟು ಎಲೆ, ಒಳಗಿನದನ್ನು ಕಟ್ಟಿ ಹಿಡಿಯುವುದು ಇದು. ಅದರೊಳಗೆ ತ್ರಿಪಾ: ನಡುವಿನ ದಂಟು ತೆಗೆದ ಉದ್ದುದ್ದ ಎಲೆಗಳನ್ನು ಸೀರೆ ನೆರಿಗೆಯ ಹಾಗೆ ಮಡಚಿ ಇಟ್ಟಿದ್ದಾರೆ, ನೆರಿಗೆ ನೆರಿಗೆಯ ನಡುವೆ ಹೊಗೆ ಹೋಗಲು ದಾರಿ. ಚೂರುಪಾರು ಒಂದೂ ಇಲ್ಲ, ಎಲ್ಲ ಈ ತುದಿಯಿಂದ ಆ ತುದಿಗೆ.

ಮೂರು ಬಗೆಯ ಎಲೆ ಅಂತ ಓದಿದ್ದೆ. ಗಿಡದ ಬುಡದ್ದು ವೊಲಾದೊ, ಅದು ಚೆನ್ನಾಗಿ ಉರಿಯುತ್ತದೆ. ನಡುವಿನದ್ದು ಸೆಕೊ, ಪರಿಮಳ ಅದರದು. ತುದಿಯದ್ದು ಲಿಹೇರೊ, ಬಿಸಿಲು ತಿಂದು ದಪ್ಪ, ಖಾರ, ನಿಧಾನಕ್ಕೆ ಉರಿಯುತ್ತದೆ, ಅದಕ್ಕೇ ಸರಿಯಾಗಿ ನಡುವೆ ಇಡುತ್ತಾರೆ. ನಾನು ಹೆಸರು ಹೇಳಿದೆ, ಅಪ್ಪ ಹೆಸರು ಕೇಳದೇ ಎಲೆ ಮುಟ್ಟಿ ಬುಡದ್ದು ಯಾವುದು, ತುದಿಯದ್ದು ಯಾವುದು ಅಂತ ಬೇರೆ ಮಾಡಿಟ್ಟರು. ನಮ್ಮಲ್ಲೂ ಮುರಿಯುವುದು ಬುಡದಿಂದಲೇ ಅಲ್ವಾ, ಒಂದು ಸಲಕ್ಕೆ ಎರಡೋ ಮೂರೋ ಎಲೆ. ಕ್ಯೂಬಾದಲ್ಲೂ ಹಾಗೇ.

ಆದರೆ ಅಲ್ಲಿಗೆ ಹೋಲಿಕೆ ಮುಗಿಯಿತು. ನಮ್ಮದು ವರ್ಜೀನಿಯಾ, ಸಿಗರೇಟಿಗೆ ಹೋಗುವ ಸೊಪ್ಪು. ಬ್ಯಾರನ್ನಿನ ಕಾವು ಎಲೆಯನ್ನು ಬೇಗ ಒಣಗಿಸಿ, ಅದರ ಸಕ್ಕರೆಯನ್ನು ಒಳಗೇ ಕಟ್ಟಿ ಹಾಕುತ್ತದೆ, ಅದಕ್ಕೇ ಹಳದಿ, ಸಿಹಿ ವಾಸನೆ. ಅವರದ್ದಕ್ಕೆ ಬೆಂಕಿ ಇಲ್ಲ. ಪಿನಾರ್ ದೆಲ್ ರಿಯೋ ಪ್ರಾಂತ್ಯದ ವುವೆಲ್ತಾ ಅಬಾಹೊ, ಅದರಲ್ಲೂ ಸಾನ್ ಲುಯಿಸ್, ಸಾನ್ ಹುವಾನ್ ಇ ಮಾರ್ತಿನೆಸ್ ಊರುಗಳ ಕೆಂಪು ಮಣ್ಣಿನಲ್ಲಿ ಬೆಳೆದ ಎಲೆಯನ್ನು ಎತ್ತರದ ಮರದ ಕೊಟ್ಟಿಗೆಯಲ್ಲಿ ಸುಮಾರು 50 ದಿನ ಗಾಳಿಗೇ ನೇತು ಹಾಕುತ್ತಾರೆ. ಅಷ್ಟು ದಿನ ಎಲೆ ಮೆಲ್ಲಗೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ, ತಿಪ್ಪೆ ಕಾವಾಗುವ ಹಾಗೆ ರಾಶಿ ಕಾವಾಗಿ ಅಮೋನಿಯಾ ಹೊರಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಕಂದು ಎಲೆ. ಸಿಗರೇಟಿನ ಹೊಗೆ ಹುಳಿ ಗುಣದ್ದು, ಸಿಗಾರಿನದು ಕ್ಷಾರ ಗುಣದ್ದು, ಹಾಗಾಗಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ಇಳಿಯುತ್ತದೆ. ಹೊಗೆಯನ್ನು ಎದೆಗೆ ಎಳೆಯುವುದಿಲ್ಲ ಅನ್ನುವುದು ಇದಕ್ಕೇ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಇದೇ ಪಿನಾರ್ ದೆಲ್ ರಿಯೋಗೆ ಬಡಿದು ಆ ಕೊಟ್ಟಿಗೆಗಳನ್ನು ರಾಶಿ ರಾಶಿ ಕೆಡವಿತ್ತು. ಅದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬ್ಯಾರನ್ ಬೀಳುವುದು ಅಂದರೇನು ಅಂತ ಅವರಿಗೆ ಗೊತ್ತು.

ಬಿಚ್ಚಿದ ಕಾಪಾ ಎಲೆಯನ್ನು ಎಸೆಯಲಿಲ್ಲ. ಪುಸ್ತಕದ ನಡುವೆ ಇಟ್ಟುಕೊಂಡು ಬಂದೆ. ತೇಪೆಗೆ ಬೇಕಿತ್ತು. ತೂತು ಬಿದ್ದದ್ದು ಒಲೆಗೆ ಹೋಯಿತು.

ಈಗ ಡಬ್ಬ. ಅಂಗಡಿಯ ಮರದ ಹ್ಯುಮಿಡಾರ್ ದುಬಾರಿ, ಅಗ್ಗದ್ದು ತಂದರೆ ಮುಚ್ಚಳದ ಸಂದಿಯಲ್ಲಿ ಗಾಳಿ ಆಡುತ್ತದೆ. 12 ಸಿಗಾರಿಗೆ ಅದೆಲ್ಲ ಯಾಕೆ ಅಂತ ದವಸ ಹಾಕುವ 5 ಲೀಟರಿನ ಪ್ಲಾಸ್ಟಿಕ್ ಡಬ್ಬ ತಂದೆ, ನಾಲ್ಕು ಕಡೆ ಕ್ಲಿಪ್, ಮುಚ್ಚಳದಲ್ಲಿ ಸಿಲಿಕಾನ್ ರಬ್ಬರ್. ಮುಕ್ಕಾಲು ನೀರು ತುಂಬಿ ತಲೆಕೆಳಗು ಮಾಡಿ ಅರ್ಧ ಗಂಟೆ ಬಿಟ್ಟೆ, ಒಂದು ಹನಿಯೂ ಬರಲಿಲ್ಲ. ಪ್ಲಾಸ್ಟಿಕ್ ವಾಸನೆ ಇತ್ತು. ಅಡುಗೆ ಸೋಡ ಕಲಸಿದ ನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಇಟ್ಟ ಮೇಲೆ ಹೋಯಿತು. ಈ ವಾಸನೆ ವಿಚಾರದಲ್ಲಿ ಅವಸರ ಮಾಡಬೇಡಿ, ಹೊಗೆಸೊಪ್ಪು ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಒಳಗೆ ಹಾಕುವ ಮರದ ಪಟ್ಟಿಗೆ ಸ್ಪ್ಯಾನಿಷ್ ಸೀಡರ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಮರ ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಅಮೆರಿಕ ಖಂಡದ ಮರ. ಅದರ ಹತ್ತಿರದ ನೆಂಟ ನಮ್ಮ ಕಾಫಿ ತೋಟಗಳಲ್ಲೇ ಇದೆ: ಗಂಧಗರಿಗೆ. ಹಿಂದೆ ಸಸ್ಯಶಾಸ್ತ್ರಜ್ಞರು ಎರಡನ್ನೂ ಸೆಡ್ರೆಲಾ ಅನ್ನುವ ಒಂದೇ ಗುಂಪಿನಲ್ಲಿ ಇಟ್ಟಿದ್ದರು, ಆಮೇಲೆ ನಮ್ಮದನ್ನು ತೂನಾ ಅಂತ ಬೇರೆ ಮಾಡಿದರು. ಹಗುರ, ಕೆಂಪು, ಕೊಯ್ದರೆ ಹಿತವಾದ ವಾಸನೆ. ಪಿರಿಯಾಪಟ್ಟಣದಲ್ಲಿ ನಮಗೆ ಪರಿಚಯದ ಬಡಗಿ ಒಬ್ಬರಿದ್ದಾರೆ, ಅವರ ಹತ್ತಿರ ಹಳೇ ಕಿಟಕಿಯ ಒಣಗಿದ ತುಂಡು ಸಿಕ್ಕಿತು. "ಆಚಾರ್ರೆ, ಆರು ಮಿಲಿಮೀಟರ್ ಪಟ್ಟಿ ನಾಲ್ಕು ಬೇಕು, ಪಾಲಿಶ್ ಬೇಡ" ಅಂದೆ. "ಪಾಲಿಶ್ ಇಲ್ಲದೆ ಏನ್ ಚೆಂದ ಸ್ವಾಮಿ" ಅಂತ ಗೊಣಗುತ್ತಲೇ ಕೊಯ್ದು ಕೊಟ್ಟರು. ಬಣ್ಣ ಇದ್ದ ಮೈಯನ್ನು ಪೂರ್ತಿ ಕೀಸಿಸಿ, ಮನೆಯಲ್ಲಿ 120ರ ಉಪ್ಪುಕಾಗದ, ಆಮೇಲೆ 220. ಡಬ್ಬದ ತಳಕ್ಕೆ ಮೂರು, ನಡುವೆ ಅಡ್ಡಕ್ಕೆ ಒಂದು. ಅಂಟು ಇಲ್ಲ, ಮೊಳೆ ಇಲ್ಲ, ಸುಮ್ನೆ ಕೂರಿಸಿದ್ದು.

ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಒಂದು ತರಿಸಿದೆ. ಅಗ್ಗದ ಮೀಟರನ್ನು ಕಣ್ಣು ಮುಚ್ಚಿ ನಂಬಬಾರದು, ಅದಕ್ಕೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ ಐದಾರು ಹನಿ ನೀರು ಹಾಕಿ, ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರಿನಲ್ಲಿ ಒಂದು ದಿನ ಇಡಿ. ಒದ್ದೆ ಉಪ್ಪು ಮುಚ್ಚಿದ ಗಾಳಿಯ ತೇವವನ್ನು ಶೇ 75ಕ್ಕೆ ತಂದು ನಿಲ್ಲಿಸುತ್ತದೆ, ಜಾಸ್ತಿ ಇದ್ದರೆ ಹೀರುತ್ತದೆ, ಕಡಿಮೆ ಇದ್ದರೆ ಕೊಡುತ್ತದೆ. ನನ್ನ ಮೀಟರ್ 69 ತೋರಿಸಿತು. ಆರು ಕಡಿಮೆ. ಹಿಂದೆ ಪೆನ್ನಿನಲ್ಲಿ "+6" ಅಂತ ಬರೆದು ಅಂಟಿಸಿದೆ, ಕತೆ ಮುಗಿಯಿತು.

ಡಬ್ಬದ ಒಳಗೆ ತೇವ ಹಿಡಿದಿಡಲು ಹಾಕುವ ಬೊವೆಡಾ ಪೊಟ್ಟಣವೂ ಇದೇ ತತ್ವ. ಒಳಗೆ ಉಪ್ಪಿನ ಗಟ್ಟಿ ದ್ರಾವಣ, ಹೊರಗೆ ಆವಿಯನ್ನು ಮಾತ್ರ ಬಿಡುವ ಚರ್ಮ. ಉಪ್ಪು ಬದಲಾದರೆ ನಿಲ್ಲುವ ಅಂಕಿಯೂ ಬದಲಾಗುತ್ತದೆ, 62, 65, 69, 72 ಅಂತ ಸಿಗುತ್ತವೆ. 60 ಗ್ರಾಮಿನ ಒಂದು ಪೊಟ್ಟಣ 25 ಸಿಗಾರಿಗೆ ಸಾಕು ಅನ್ನುವುದು ಲೆಕ್ಕ. ಮರವೂ ಕುಡಿಯುತ್ತದೆ ಅಂತ ನಾನು ಎರಡು ಹಾಕಿದೆ. ಮೊದಲು ಸಿಗಾರ್ ಇಲ್ಲದೆ, ಬರೀ ಪಟ್ಟಿ ಮತ್ತು 62ರ ಪೊಟ್ಟಣ ಐದು ದಿನ. ಇಲ್ಲದಿದ್ದರೆ ಒಣ ಮರ ಸಿಗಾರಿನ ಬಾಯಿಂದಲೇ ತೇವ ಕಸಿಯುತ್ತದೆ. ಆರನೇ ದಿನ 12 ಸಿಗಾರ್ ಒಳಗೆ ಹೋದವು. ಡಬ್ಬ ಬೀರುವಿನ ಕೆಳಗಿನ ಖಾನೆಯಲ್ಲಿ, ಮನೆಯಲ್ಲಿ ತಂಪಾಗಿರುವ ಜಾಗ ಅದೊಂದೇ. 25 ಡಿಗ್ರಿ ದಾಟಿದರೆ ಫ್ರೀಜರಿನಲ್ಲಿ ಸಾಯದೆ ಉಳಿದ ಮೊಟ್ಟೆ ಏನಾದರೂ ಇದ್ದರೆ ಒಡೆಯುವ ಭಯ.

ದಾರ ಕಟ್ಟಿದ ಸಿಗಾರಿನ ತೂಕ: ನಾಲ್ಕನೇ ದಿನ 7.49. ಒಂಬತ್ತನೇ ದಿನ 7.60. ಹದಿನೈದಕ್ಕೆ 7.68, ಅಲ್ಲೇ ನಿಂತಿತು ಅನ್ನಿಸಿದಾಗ 62ರ ಪೊಟ್ಟಣ ತೆಗೆದು 65 ಹಾಕಿದೆ. ಇಪ್ಪತ್ತೆರಡಕ್ಕೆ 7.79. ಮೂವತ್ತಕ್ಕೆ 7.84. ಮೂವತ್ತಾರಕ್ಕೂ 7.84. ಬೆರಳಲ್ಲಿ ಒತ್ತಿದರೆ ಈಗ ಸದ್ದಿಲ್ಲ, ಒಳಗೆ ಹೋಗಿ ಮೇಲೆ ಬರುತ್ತದೆ. 69ಕ್ಕೆ ಏರಿಸಬೇಕು ಅನ್ನುವವರಿದ್ದಾರೆ. ಕ್ಯೂಬಾದ್ದು 65ರಲ್ಲೇ ಚೆನ್ನಾಗಿ ಉರಿಯುತ್ತದೆ ಅನ್ನುವವರ ಪಕ್ಷ ನಾನು. ಜಾಸ್ತಿ ತೇವ ಇದ್ದರೆ ಪದೇ ಪದೇ ಆರುತ್ತದೆ, ಎಳೆದೂ ಎಳೆದೂ ಕೆನ್ನೆ ನೋವು.

ತೇಪೆ ಹಾಕಿದ್ದು ಮೂವತ್ತನೇ ದಿನದ ಮೇಲೆ, ಎಲೆ ಮೆತ್ತಗಾದ ಮೇಲೆಯೇ. ಸಿಗಾರ್ ಸುತ್ತುವವರು ಬಣ್ಣ ರುಚಿ ಇಲ್ಲದ ಗಿಡದ ಅಂಟು ಬಳಸುತ್ತಾರೆ. ನಮ್ಮ ಮನೆಯಲ್ಲಿ ಅಂಟಿನ ಉಂಡೆಗೆ ತಂದಿಟ್ಟ ತಿನ್ನುವ ಅಂಟು ಇತ್ತು. ಕಡಲೆ ಕಾಳಿನಷ್ಟು ಒಂದು ಹರಳನ್ನು ಪುಡಿ ಮಾಡಿ ಒಂದು ಚಮಚ ಬಿಸಿ ನೀರಿನಲ್ಲಿ ರಾತ್ರಿ ನೆನೆಸಿದೆ, ಬೆಳಗ್ಗೆ ಜೇನಿನ ಹದ. ಬಟ್ಟೆಯಲ್ಲಿ ಸೋಸಿದೆ. ಪುಸ್ತಕದಲ್ಲಿದ್ದ ಕಾಪಾ ಎಲೆಯನ್ನು ಒಂದು ದಿನ ಡಬ್ಬದೊಳಗೆ ಇಟ್ಟು ಹದ ಮಾಡಿ, ಹೊಸ ಬ್ಲೇಡಿನಲ್ಲಿ ಸೀಳಿಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಮೊಟ್ಟೆಯಾಕಾರಕ್ಕೆ ಕತ್ತರಿಸಿದೆ. ಮೂಲೆ ಇರಬಾರದು, ಮೂಲೆ ಮೊದಲು ಏಳುತ್ತದೆ. ತೇಪೆಯ ನರ ಸಿಗಾರಿನ ಎಲೆಯ ನರದ ಓಟಕ್ಕೇ ಹೊಂದಬೇಕು, ಅಡ್ಡ ಇಟ್ಟರೆ ನನ್ನ ಮೊದಲ ತೇಪೆಗೆ ಆದ ಹಾಗೆ ಮಡಚಿಕೊಂಡು ಬರುತ್ತದೆ, ಮತ್ತೆ ಕಿತ್ತು ಹಾಕಬೇಕು. ಚಿಕ್ಕ ಬ್ರಶ್ಶಿನಲ್ಲಿ ಅಂಚಿಗೆ ಮಾತ್ರ ತೆಳ್ಳಗೆ ಅಂಟು, ಹೆಬ್ಬೆರಳಿನಲ್ಲಿ ಒಂದು ನಿಮಿಷ ಅದುಮಿ ಹಿಡಿದೆ. ಹತ್ತಿರದಿಂದ ನೋಡಿದರೆ ತೇಪೆ ಅಂತ ಗೊತ್ತಾಗುತ್ತದೆ. ಒಂದು ಮಾರು ದೂರದಿಂದ ಗೊತ್ತಾಗುವುದಿಲ್ಲ. ಹವಾನಾದ ಕಾರ್ಖಾನೆಯಲ್ಲಿ ಇದನ್ನು ನೋಡಿದರೆ ನಗುತ್ತಾರೆ, ನಗಲಿ.

ಆ ಕಾರ್ಖಾನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸುತ್ತುವವರಿಗೆ ಕೈ ಕೆಲಸದಲ್ಲಿರುತ್ತದೆ, ಕಿವಿ ಖಾಲಿ. ಹಾಗಾಗಿ 1865ರಿಂದ ಒಬ್ಬರು ಎತ್ತರದ ಪೀಠದ ಮೇಲೆ ಕೂತು ಅವರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳುವ ಪದ್ಧತಿ ಇದೆ. ಹಾಗೆ ಓದಿಸಿಕೊಂಡ ಒಂದು ಫ್ರೆಂಚ್ ಕಾದಂಬರಿ ಅವರಿಗೆ ಎಷ್ಟು ಇಷ್ಟವಾಯಿತೆಂದರೆ 1935ರಲ್ಲಿ ಶುರುವಾದ ಈ ಬ್ರ್ಯಾಂಡಿಗೆ ಅದರ ನಾಯಕನ ಹೆಸರೇ ಬಂತು ಅಂತಾರೆ. ನಮ್ಮಲ್ಲಿ ಸೊಪ್ಪು ಕಡ್ಡಿಗೆ ಕಟ್ಟುವಾಗ ರೇಡಿಯೊ ಇರುತ್ತಿತ್ತು.

ಮೂವತ್ತೇಳನೇ ದಿನ, ಸಂಜೆ, ತಾರಸಿ. ಜೊತೆಗೆ ಸಕ್ಕರೆ ಕಡಿಮೆ ಹಾಕಿದ ಫಿಲ್ಟರ್ ಕಾಫಿ. ನಂಬರ್ 4 ಚಿಕ್ಕ ಸಿಗಾರ್, 129 ಮಿಲಿಮೀಟರ್ ಉದ್ದ, 42 ರಿಂಗ್. ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 17 ಮಿಲಿಮೀಟರ್ ದಪ್ಪ. ಕಾರ್ಖಾನೆಯೊಳಗೆ ಈ ಅಳತೆಗೆ ಮಾರೆವಾ ಅಂತ ಹೆಸರು. ಟೋಪಿಯ ಗೆರೆಗಿಂತ ಮೇಲೆ, ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿದೆ, ಗೆರೆ ದಾಟಿದರೆ ಸುತ್ತು ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಸುಮ್ನೆ ಎಳೆದು ನೋಡಿದರೆ ಒಣದ್ರಾಕ್ಷಿ, ಹುಲ್ಲಿನ ಮೆದೆ. ಬೆಂಕಿಕಡ್ಡಿಯ ಗಂಧಕ ಪೂರ್ತಿ ಉರಿದ ಮೇಲೆ, ಜ್ವಾಲೆ ತಾಗಿಸದೆ, ಕಾವಿನಲ್ಲೇ ತಿರುಗಿಸಿ ತಿರುಗಿಸಿ ಹಚ್ಚಿದೆ. ನಾಲ್ಕು ಕಡ್ಡಿ ಬೇಕಾಯಿತು.

ಮೊದಲ ಹತ್ತು ನಿಮಿಷ ನಿರಾಸೆ. ತೆಳು ಹೊಗೆ, ತುಟಿಯಲ್ಲಿ ಸ್ವಲ್ಪ ಉಪ್ಪು, ಹುರಿಗಡಲೆಯ ಸಿಪ್ಪೆಯಂಥ ರುಚಿ. ಒಂದು ಪಕ್ಕ ಬೇಗ ಉರಿದು ದೋಣಿಯ ಹಾಗೆ ಓರೆಯಾಯಿತು, ಹಿಂದೆ ಬಿದ್ದ ಪಕ್ಕಕ್ಕೆ ಕಡ್ಡಿ ಹಿಡಿದು ಸಮ ಮಾಡಿದೆ. ಎರಡು ಸೆಂಟಿಮೀಟರ್ ದಾಟಿದ ಮೇಲೆ ಅಸಲು ಶುರು. ಕಾಫಿ ಬೀಜ ಹುರಿಯುವಾಗ ಇನ್ನೇನು ಹೊತ್ತಬೇಕು ಅನ್ನುವ ಹೊತ್ತಿಗೆ ಬರುವ ವಾಸನೆ ಇದೆಯಲ್ಲ, ಅದೇ. ಅದರ ಹಿಂದೆ ಕೊಕ್ಕೊ ಪುಡಿಯ ಕಹಿ, ಮೂಗಿನಿಂದ ಒಂದಿಷ್ಟು ಹೊಗೆ ಬಿಟ್ಟರೆ ಮರದ ಪೆಟ್ಟಿಗೆ ತೆರೆದ ಹಾಗೆ. ಇದರಲ್ಲಿ ವೆನಿಲಾ ಇದೆ ಅಂತ ಬರೆಯುತ್ತಾರೆ, ನನಗೆ ಸಿಗಲಿಲ್ಲ. ಬೂದಿ ತಿಳಿ ಬೂದು, ಗಟ್ಟಿ, ಎರಡೂವರೆ ಸೆಂಟಿಮೀಟರ್ ನಿಂತು ಆಮೇಲೆ ನನ್ನ ಪಂಚೆಯ ಮೇಲೆಯೇ ಬಿತ್ತು. ಕೊನೆಯ ಭಾಗದಲ್ಲಿ ಕರಿಮೆಣಸು, ಜೊತೆಗೆ ಕಾವು. ಎರಡು ನಿಮಿಷಕ್ಕೊಂದು ಸಲ ಎಳೆದರೆ ಸರಿ, ಅವಸರ ಮಾಡಿದರೆ ತಾರಿನ ಕಹಿ. 47 ನಿಮಿಷಕ್ಕೆ, ಮೂರು ಸೆಂಟಿಮೀಟರ್ ಉಳಿದಾಗ ಕೆಳಗಿಟ್ಟೆ. ತಲೆ ಸ್ವಲ್ಪ ತಿರುಗಿತು ಅನ್ನುವುದನ್ನೂ ಬರೆಯಬೇಕು, ಅಭ್ಯಾಸ ಇಲ್ಲದವನಿಗೆ ನಿಕೋಟಿನ್ ಸುಮ್ನೆ ಬಿಡುವುದಿಲ್ಲ. ಹೊಟ್ಟೆ ತುಂಬ ತಿಂದು ಕೂರಬೇಕಿತ್ತು.

ಹತ್ತಕ್ಕೆ ಏಳು ಕೊಡುತ್ತೇನೆ. ತೇವ ವಾಪಸ್ ಬರುತ್ತದೆ, ಉರಿ ಸರಿಯಾಗುತ್ತದೆ. ಆದರೆ ಒಣಗಿದಾಗ ಹಾರಿ ಹೋದ ಎಣ್ಣೆ ಹಾರಿ ಹೋಯಿತು, ಪೊಟ್ಟಣದಲ್ಲಿ ಅದು ಸಿಗುವುದಿಲ್ಲ. ನಡುವಿನ ಭಾಗ ಇಷ್ಟು ಚೆನ್ನಾಗಿರುವಾಗ ಮೊದಲ ಭಾಗ ಹೀಗೆ ಸಪ್ಪೆ ಇದ್ದದ್ದು ಅದಕ್ಕೇ ಅನ್ನುವುದು ನನ್ನ ಅನುಮಾನ. ಪೆಟ್ಟಿಗೆಯಲ್ಲೇ ಸರಿಯಾಗಿ ಇಟ್ಟಿದ್ದ ಇನ್ನೊಂದರ ಜೊತೆ ಸೇದಿ ನೋಡಿದರೆ ಗೊತ್ತಾಗಬೇಕು.

ತೇಪೆಯ ಒಂದನ್ನು ಎರಡು ವಾರ ಬಿಟ್ಟು ಊರಿಗೆ ಒಯ್ದೆ. ಉರಿ ತೇಪೆಯ ಹತ್ತಿರ ಬರುತ್ತಿದ್ದಂತೆ ಒಂದು ಅಂಚು ಎದ್ದಿತು, ಆದರೂ ಹಿಡಿದುಕೊಂಡು ಉರಿಯಿತು, ಗಾಳಿ ಸೋರಲಿಲ್ಲ. ಅಪ್ಪ ಬೀಡಿ ಬಿಟ್ಟು ಬಹಳ ವರ್ಷವಾಯಿತು, ಸೇದಲಿಲ್ಲ. ಹಚ್ಚುವ ಮೊದಲು ಕೈಯಲ್ಲಿ ಹಿಡಿದು ಮೂಸಿ "ಕೊಟ್ಟಿಗೆ ವಾಸನೆ" ಅಂದರು. ಸಿಗಾರ್ ಬಲ್ಲವರ ಮಾತಿನಲ್ಲಿ ಅದು ದೊಡ್ಡ ಹೊಗಳಿಕೆ ಅಂತ ನಾನು ಹೇಳಿದೆ. ಅವರು ನಂಬಲಿಲ್ಲ. ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದರು.

"ಈ ಬಣ್ಣದ ಸೊಪ್ಪು ಹರಾಜಿಗೆ ಹಾಕಿದ್ರೆ ಲೋ ಗ್ರೇಡ್ ಅಂತ ಪಕ್ಕಕ್ಕೆ ತಳ್ತಾರೆ ಕಣ್ಲಾ."

ಡಬ್ಬದಲ್ಲಿ ಈಗ 10 ಇವೆ, ತೇಪೆಯವು ಅದರಲ್ಲಿ ಎರಡು. ಮೀಟರ್ 59 ತೋರಿಸುತ್ತಿದೆ, ಆರು ಸೇರಿಸಿಕೊಂಡರೆ 65. ಹೊಸ ಹುಡಿ ಎಲ್ಲೂ ಬಿದ್ದಿಲ್ಲ, ವಾರಕ್ಕೊಮ್ಮೆ ಕೆಳಗೆ ಹಾಸಿದ ಬಿಳಿ ಕಾಗದ ತೆಗೆದು ನೋಡುತ್ತೇನೆ. ಫ್ರೀಜರಿನಲ್ಲಿ ಸುರುಟಿನ ಜಾಗ ಖಾಲಿಯಾಗಿಲ್ಲ. ಅಲ್ಲೀಗ ಎರಡು ಪದರ ಜಿಪ್ ಕವರಿನಲ್ಲಿ ಒಂದು ಕೆಜಿ ಧನಿಯಾ ಕೂತಿದೆ.